ಹೂವಿನ ಮುಖ ಒರೆಸುವವರು

ಮದುವೆಯಾಗಿ ಅತ್ತೆಯ ಮನೆಯಲ್ಲೇ ನೆಲೆಸಿದ ಗಂಡಸಿಗೆ ನೆರೆಹೊರೆಯವರು ಏನೇನು ಹೆಸರಿಡುತ್ತಾರೋ ಅವನ್ನೆಲ್ಲ ಈ ಬಡಗಿ ಕೇಳಿ, ನಕ್ಕು, ಅರಗಿಸಿಕೊಂಡಿದ್ದ. ಅರಗದೆ ಉಳಿದದ್ದು ಒಂದೇ. ಅತ್ತೆ ಅವನನ್ನು ‘ಬಡಗಿಗಳೇ’ ಎಂದು ಕರೆಯುತ್ತಿದ್ದರು. ಬಾಗಿಲು ರಿಪೇರಿಗೆ ಬಂದ ಹೊರಗಿನವರನ್ನು ಮಾತಾಡಿಸುವ ಹಾಗೆ, ಬಹಳ ಮರ್ಯಾದೆಯಿಂದ. ಮನೆಯ ಮುಂದೆ ಅವನು ಕೆಲಸ ಮಾಡುವ ಶೆಡ್ಡು ‘ನಿಮ್ಮ ಶೆಡ್ಡು’. ಅಲ್ಲಿ ಪೇರಿಸಿದ ಹಲಗೆಗಳು ‘ನಿಮ್ಮ ಮರ’. ಶೆಡ್ಡಿನ ಹಿಂದೆ ಅವನು ಸಾಕಿದ್ದ ಜೇನು ‘ನಿಮ್ಮ ಹುಳ’. ಹೊಲ ಮಾತ್ರ ‘ನನ್ನ ಹೊಲ’, ಮಗಳು ‘ನನ್ನ ಪುಟ್ಟಿ’. ಹೀಗೆ ಎಲ್ಲವೂ ಅವರಿಗಷ್ಟು ಇವನಿಗಿಷ್ಟು ಎಂದು ಪಾಲಾಗಿ, ಇಬ್ಬರದೂ ಎನ್ನುವುದಕ್ಕೆ ಮನೆಯಲ್ಲಿ ಏನೂ ಉಳಿದಿರಲಿಲ್ಲ.

ಪುಟ್ಟಿ ಎಂದರೆ ಬಡಗಿಯ ಹೆಂಡತಿ. ಆಸ್ಪತ್ರೆಯಲ್ಲಿ ನರ್ಸು. ವಾರ್ಡಿನಲ್ಲಿ ಎಂಥ ಗಂಡಸನ್ನೂ ಕಣ್ಸನ್ನೆಯಲ್ಲೇ ಮಗ್ಗುಲಾಗಿಸಿ ಇಂಜೆಕ್ಷನ್ ಚುಚ್ಚುವವಳು. ಕಿವಿಯ ಮೇಲೆ ಆಗಲೇ ಬಿಳಿ ಕೂದಲು ಇಣುಕುತ್ತಿದ್ದವು. ತಾಯಿಗೆ ಮಾತ್ರ ಇನ್ನೂ ಪುಟ್ಟಿ. ಬಾಗಿಲು ದಾಟುವಾಗ ಹುಷಾರು ಎಂದು ಹೇಳಿಸಿಕೊಳ್ಳದೆ ಅವಳು ಒಂದು ದಿನವೂ ಡ್ಯೂಟಿಗೆ ಹೋದದ್ದಿಲ್ಲ.

ಹೊಲ ಮನೆಯಿಂದ ಕೂಗಳತೆಯಲ್ಲಿತ್ತು, ಕಾಲುವೆ ದಾಟಿದರೆ ಸಿಗುತ್ತಿತ್ತು. ಒಬ್ಬ ಹೆಂಗಸು ಒಂದು ಬೆಳಿಗ್ಗೆ ಸುತ್ತಿ ಮುಗಿಸುವಷ್ಟು ನೆಲ, ವರ್ಷವರ್ಷವೂ ಅದರಲ್ಲಿ ಸೂರ್ಯಕಾಂತಿ. ಹೂವು ಅರಳುವ ದಿನಗಳಲ್ಲಿ ಅತ್ತೆ ಹಳೆಯ ದಿಂಬಿನ ಗವಸನ್ನು ಕೈಗೆ ಸುತ್ತಿಕೊಂಡು ಸಾಲು ಹಿಡಿದು ನಡೆಯುತ್ತಿದ್ದರು. ಪ್ರತಿ ಹೂವಿನ ನಡುಭಾಗವನ್ನು ಕೂಸಿನ ಕೆನ್ನೆ ಒರೆಸುವಷ್ಟು ಮೆತ್ತಗೆ ಒರೆಸಬೇಕು. ಒಂದು ಹೂವಿನ ಹಳದಿ ಪುಡಿ ಬಟ್ಟೆಗೆ ಹತ್ತಿ, ಬಟ್ಟೆಯಿಂದ ಮುಂದಿನ ಹೂವಿಗೆ ದಾಟಬೇಕು. ದಾಟಿದರೆ ಕಾಳು ಕಟ್ಟುತ್ತದೆ. ದಾಟದಿದ್ದರೆ ಹೊರಗಿನಿಂದ ನೋಡುವುದಕ್ಕೆ ತಟ್ಟೆಯಂಥ ಹೂವು, ಒಳಗೆ ಬರೀ ಜೊಳ್ಳು. ತನ್ನ ಪುಡಿ ತನಗೇ ಅಷ್ಟಾಗಿ ಒಗ್ಗುವುದಿಲ್ಲ, ಪಕ್ಕದ ಗಿಡದ್ದೇ ಆಗಬೇಕು. ಸಂಬಂಧ ಕೂಡಿಸುವ ವಿಷಯದಲ್ಲಿ ಸೂರ್ಯಕಾಂತಿ ಅಷ್ಟು ಕಟ್ಟುನಿಟ್ಟು. ಸಾಲದ್ದಕ್ಕೆ ಹೂವು ಒಂದೇ ಸಲಕ್ಕೆ ಅರಳಿ ಮುಗಿಯುವುದೂ ಇಲ್ಲ. ಹೊರಗಿನ ಸುತ್ತು ಮೊದಲು, ಮಾರನೆಯ ದಿನ ಅದರ ಒಳಗಿನ ಸುತ್ತು, ಹೀಗೆ ನಡುವಿನತನಕ. ಅಷ್ಟು ದಿನವೂ ಅತ್ತೆ ಹೋಗುತ್ತಿದ್ದರು. ಇದಕ್ಕೆ ಅವರು ಇಟ್ಟ ಹೆಸರು ‘ಮುಖ ಒರೆಸೋದು’.

ಮುಖ ಒರೆಸುವ ಮುಂಚೆ ಹೊಲದ ಮೂಲೆ ಮೂಲೆಗೂ ಒಂದೊಂದು ಹೊಗೆಮಡಕೆ ಇಡುವುದೂ ಅವರ ಪದ್ಧತಿ. ಆ ಮಡಕೆಗಳಿಗೆ ಬೇಕಾದ ಮರದ ಹೊಟ್ಟು ಶೆಡ್ಡಿನಿಂದಲೇ ಹೋಗುತ್ತಿತ್ತು. ಗರಗಸದಿಂದ ಉದುರಿದ್ದನ್ನು ಬಡಗಿ ಚಕ್ಕೆ ಆರಿಸಿ, ಜರಡಿ ಹಿಡಿದು, ಚೀಲ ತುಂಬಿ ತಾನೇ ಹೊತ್ತು ಕೊಡುತ್ತಿದ್ದ. ‘ನಿಮ್ಮ ಹೊಟ್ಟು ಚೆನ್ನಾಗಿ ಹೊಗೆ ಕೊಡುತ್ತೆ, ಬಡಗಿಗಳೇ’ ಎಂದು ಅತ್ತೆ ವರ್ಷಕ್ಕೊಮ್ಮೆ ಹೇಳುತ್ತಿದ್ದರು. ಇಷ್ಟು ವರ್ಷದ ಅಳಿಯತನದಲ್ಲಿ ಅವನಿಗೆ ಸಿಕ್ಕ ಶಹಭಾಸ್‌ಗಿರಿ ಅದೊಂದೇ ಆದ್ದರಿಂದ, ಹೊಗೆ ಯಾತಕ್ಕೆ ಎಂದು ಕೇಳುವ ಗೋಜಿಗೆ ಅವನು ಹೋಗಲಿಲ್ಲ. ಹೊಲ ಅಂದಮೇಲೆ ಹೊಗೆಯೂ ಇರುತ್ತದೆ ಎಂದುಕೊಂಡಿದ್ದ. ಹೊಗಳಿಕೆಗೆ ಬಿದ್ದವನ ಕಣ್ಣಿಗೆ ಇಷ್ಟು ಮಂಜು ಕವಿಯುವುದು ಸಹಜ.

ಹೋದ ವರ್ಷ ಅತ್ತೆಯ ಬಲಭುಜ ಹಿಡಿದುಕೊಂಡಿತು. ಕೈ ಎದೆಯ ಮಟ್ಟಕ್ಕೆ ಬರುತ್ತಿತ್ತು, ಅದರ ಮೇಲೆ ಒಂದು ಬೆರಳಷ್ಟೂ ಏಳುತ್ತಿರಲಿಲ್ಲ. ಮಗಳು ಮಾತ್ರೆ ಕೊಟ್ಟಳು, ವ್ಯಾಯಾಮ ಮಾಡಿಸಿದಳು, ಕೊನೆಗೆ ಬೈದಳು. ಭುಜ ಯಾವುದಕ್ಕೂ ಜಗ್ಗಲಿಲ್ಲ. ಎಡಗೈ ಅಭ್ಯಾಸವಿಲ್ಲದ್ದು, ಅದರಲ್ಲಿ ಒರೆಸಿದರೆ ಹೂವು ಕತ್ತು ಮುರಿಯುತ್ತಿತ್ತು. ಆ ಸಲ ಕುಳ್ಳ ಗಿಡಗಳಲ್ಲಿ ಕಾಳು ತುಂಬಿತು, ಎತ್ತರದ ಗಿಡಗಳಲ್ಲಿ ಜೊಳ್ಳು. ಅತ್ತೆಯ ಕೈ ಎಲ್ಲಿಯವರೆಗೆ ಎದ್ದಿತ್ತೋ ಅಲ್ಲಿಗೆ ಫಸಲು ನಿಂತುಹೋಗಿತ್ತು.

ಅದನ್ನು ನೋಡಿದ ಅತ್ತೆಯ ಮೈದುನ ಬಂದು ಕೂತ. ಅವನಿಗೆ ಲಾರಿಗಳಿದ್ದವು, ನಿಲ್ಲಿಸಲು ಜಾಗ ಇರಲಿಲ್ಲ. ಈ ವಯಸ್ಸಿಗೆ ಅತ್ತಿಗೆ ಯಾಕೆ ಮೈ ನುಗ್ಗು ಮಾಡಿಕೊಳ್ಳಬೇಕು, ನೆಲ ಸಮ ಮಾಡಿಸಿ ಲಾರಿ ನಿಲ್ಲಿಸುತ್ತೇನೆ, ನೀವು ಆರಾಮಾಗಿ ಮನೆಯಲ್ಲಿರಿ ಎಂದ. ಅವನೇನೂ ಕೆಟ್ಟವನಲ್ಲ. ಅತ್ತೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು: ಇನ್ನೊಂದು ಸಲ ಬಿತ್ತುತ್ತೇನೆ, ಈ ಸಲವೂ ಜೊಳ್ಳಾದರೆ ಲಾರಿ ತಂದು ನಿಲ್ಲಿಸು.

ಹೊಲ ಬಡಗಿಯದಲ್ಲ, ಅದರ ಮಾತು ಆಡಲು ಅವನಿಗೆ ಬಾಯಿಯೂ ಇಲ್ಲ. ಆದರೆ ಅತ್ತೆ ಬೆಳಿಗ್ಗೆ ಎದ್ದು ಮೊದಲು ಅಡುಗೆಮನೆಯ ಕಿಟಕಿ ತೆರೆದು ಕಾಲುವೆಯ ಆಚೆ ನೋಡುವುದನ್ನು ಅವನು ದಿನವೂ ಕಂಡವನು. ಆ ಕಿಟಕಿಯ ಆಚೆ ಲಾರಿಗಳು ನಿಂತರೆ ಈ ಹೆಂಗಸು ಯಾತಕ್ಕೆ ಏಳಬೇಕು? ಅದೊಂದು ಯೋಚನೆ ಅವನ ತಲೆ ಹೊಕ್ಕು ಕೂತುಬಿಟ್ಟಿತು.

ಈ ವರ್ಷ ಹೂವು ಅರಳತೊಡಗಿದ ದಿನ ಅವನು ಶೆಡ್ಡಿಗೆ ಬಾಗಿಲು ಹಾಕಿ, ತಾನೇ ಒಂದು ಬಟ್ಟೆ ತೆಗೆದುಕೊಂಡು ಹೊಲಕ್ಕೆ ಹೋದ. ಹೊಗೆಗೆ ಕೆಮ್ಮುತ್ತಾ ಎತ್ತರದ ಗಿಡಗಳ ಸಾಲಿಗೆ ನುಗ್ಗಿದ. ಅತ್ತೆ ಪಕ್ಕದ ಸಾಲಿನಲ್ಲಿದ್ದರು. ಸ್ವಲ್ಪ ಹೊತ್ತು ನೋಡಿದರು. ಕೈ ಅಡ್ಡ ಹಿಡಿದರು.

“ಬಡಗಿಗಳೇ, ನೀವು ಹೂವಿನ ಮುಖ ಒರೆಸ್ತಿಲ್ಲ. ಹಲಗೆಗೆ ಹೊಡೆದ ಹಾಗೆ ರಂದ ಹೊಡೀತಿದ್ದೀರಿ.”

ಅದು ನಿಜವೇ. ಅವನು ದಾಟಿ ಬಂದ ಸಾಲಿನಲ್ಲಿ ಹೂವಿನ ನಡುವಿನ ಪುಟ್ಟ ಪುಟ್ಟ ಕಿರುಹೂಗಳು ಮರದ ಪುಡಿಯಂತೆ ನೆಲಕ್ಕೆ ಉದುರಿದ್ದವು. ಜೀವಮಾನವೆಲ್ಲ ಗಂಟು ಮರದ ಜೊತೆ ಗುದ್ದಾಡಿದ ಕೈಗೆ ಮೆತ್ತಗೆ ಎಂದರೆ ಎಷ್ಟು ಎಂದು ಹೇಗೆ ತಿಳಿಯಬೇಕು? ಬಟ್ಟೆ ಮಡಚಿ ಜೇಬಿಗೆ ಹಾಕಿಕೊಂಡು ವಾಪಸಾದ.

ಆಗಲೇ ಅವನಿಗೆ ಜೇನಿನ ನೆನಪಾದದ್ದು. ಹುಳಗಳು ಅವನಲ್ಲಿಗೆ ಬಂದದ್ದೇ ಒಂದು ತಮಾಷೆ. ಯಾರೋ ಗಿರಾಕಿ ಜೇನುಪೆಟ್ಟಿಗೆಗಳನ್ನು ಮಾಡಿಸಿ, ಒಯ್ಯಲು ಬರಲೇ ಇಲ್ಲ. ಒಂದು ದಿನ ಹುಳಗಳೇ ಬಂದು ಒಂದು ಪೆಟ್ಟಿಗೆ ಹೊಕ್ಕವು, ಮುಂದಿನ ಕಾಲಕ್ಕೆ ಪಾಲಾಗಿ ಇನ್ನೊಂದನ್ನೂ ಹಿಡಿದವು. ಪೇಟೆಯಲ್ಲಿ ಜೇನುತುಪ್ಪ ಮಾರುವ ಮುದುಕನೊಬ್ಬ, ಎಲ್ಲರ ಬಾಯಲ್ಲೂ ಜೇನಜ್ಜ, ಅವುಗಳನ್ನು ನೋಡಿಕೊಳ್ಳುವ ರೀತಿ ಹೇಳಿಕೊಟ್ಟ. ಅತ್ತೆ ಮಾತ್ರ ಶೆಡ್ಡಿನ ಹಿಂಭಾಗಕ್ಕೆ ಅಪ್ಪಿತಪ್ಪಿಯೂ ಕಾಲಿಡುತ್ತಿರಲಿಲ್ಲ. ‘ನಿಮ್ಮ ಹುಳಾನ ನಿಮ್ಮ ಹತ್ರಾನೇ ಇಟ್ಕೊಳ್ಳಿ’ ಎನ್ನುತ್ತಿದ್ದರು.

ಹೂವಿನಿಂದ ಹೂವಿಗೆ ಪುಡಿ ದಾಟಿಸುವುದಕ್ಕೆ ಜೇನಿಗಿಂತ ಮೆತ್ತಗಿನ ಕೈ ಯಾವುದಿದೆ? ಹೊಲಕ್ಕೇ ಒಯ್ದು ಇಟ್ಟುಬಿಟ್ಟರೆ ಎತ್ತರದ ಗಿಡವೂ ಒಂದೇ, ಕುಳ್ಳ ಗಿಡವೂ ಒಂದೇ. ಹೊತ್ತು ಮುಳುಗಿ ಹುಳಗಳೆಲ್ಲ ಗೂಡು ಸೇರಿದ ಮೇಲೆ ಬಡಗಿ ಪೆಟ್ಟಿಗೆಗಳ ಬಾಯಿ ಮುಚ್ಚಿ, ಕೈಗಾಡಿಯಲ್ಲಿ ಹಾಸಿದ ಗೋಣಿಯ ಮೇಲಿಟ್ಟು, ಒಂದು ಹನಿ ತುಪ್ಪವೂ ತುಳುಕದ ಹಾಗೆ ಕಾಲುವೆ ದಾಟಿಸಿದ. ಹೊಲದ ಬದಿಯಲ್ಲಿ ಕಲ್ಲು ಜೋಡಿಸಿ, ಓರೆಯಾಗದಂತೆ ರಸಮಟ್ಟ ಹಿಡಿದು ನೋಡಿ ಪೆಟ್ಟಿಗೆ ಕೂರಿಸಿ, ಬಾಯಿ ತೆರೆದ. ಅಂಥ ಅಚ್ಚುಕಟ್ಟು. ತಪ್ಪು ಮಾಡುವಾಗಲೂ ರಸಮಟ್ಟ ಹಿಡಿಯುವವನೇ ಬಡಗಿ.

ಬೆಳಿಗ್ಗೆ ಪೋಸ್ಟ್‌ಮಾಸ್ಟರರು ತಮ್ಮ ಹೊಸ ಕುರ್ಚಿ ಒಯ್ಯಲು ಬಂದರು. ಕುರ್ಚಿ ಪಾಲಿಶ್ ಒಣಗಲೆಂದು ಶೆಡ್ಡಿನ ಹಿಂದೆ, ಪೆಟ್ಟಿಗೆಗಳಿದ್ದ ಜಾಗದ ಪಕ್ಕದಲ್ಲೇ ಇತ್ತು. ಕೂತು ನೋಡಿ ಎಂದು ಬಡಗಿ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದರೆ, ಕುರ್ಚಿಯಲ್ಲಿ ಆಗಲೇ ಜೇನು ಕೂತಿತ್ತು. ಬೆನ್ನಿನ ಹಲಗೆ ಕಾಣುತ್ತಿರಲಿಲ್ಲ, ಬರೀ ಹುಳ. ಹೊಲದಿಂದ ಇನ್ನೂ ಹುಳಗಳು ಬರುತ್ತಲೇ ಇದ್ದವು, ಬಂದು ತಮ್ಮ ಪೆಟ್ಟಿಗೆ ಇದ್ದ ಬರಿದು ಕಲ್ಲಿನ ಮೇಲೆ ಸುತ್ತಿ ಸುತ್ತಿ ಕಂಗಾಲಾಗುತ್ತಿದ್ದವು. ಪೋಸ್ಟ್‌ಮಾಸ್ಟರರು ಕಾಲಿಗೆ ಬುದ್ಧಿ ಹೇಳಿದರು. ಬಡಗಿ ತಲೆಯ ಮೇಲೆ ಕೈ ಹೊತ್ತು ಕೂತ. ಹೊಲದಲ್ಲಿ ಎರಡು ಪೆಟ್ಟಿಗೆ, ಹುಳಗಳೆಲ್ಲ ಇಲ್ಲಿ.

ಫೋನಿನಲ್ಲಿ ಜೇನಜ್ಜ ಮೊದಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಆಮೇಲೆ ತಿಳಿಸಿ ಹೇಳಿದ. ಹುಳಕ್ಕೆ ಪೆಟ್ಟಿಗೆಯ ಗುರುತಿರುವುದಿಲ್ಲ, ಜಾಗದ ಗುರುತಿರುತ್ತದೆ. ದಾರಿಯೇ ಮರೆಯುವಷ್ಟು ದೂರ ಒಯ್ದರೆ ಸರಿ, ಪಕ್ಕದಲ್ಲೇ ಇಟ್ಟರೆ ಹಳೆಯ ಮನೆಗೇ ವಾಪಸು ಬರುತ್ತವೆ. ಸಂಜೆಗೆ ಪೆಟ್ಟಿಗೆ ತಂದು ಮೊದಲಿನ ಕಲ್ಲಿನ ಮೇಲೇ ಇಡು ಎಂದ. ಫೋನ್ ಇಡುವ ಮುಂಚೆ ಇನ್ನೊಂದು ಮಾತು ಕೇಳಿದ.

“ಅಲ್ಲಯ್ಯ, ಕೂಗಿದ್ರೆ ಕೇಳೋವಷ್ಟು ಹತ್ರ ಇರೋ ಹೊಲಕ್ಕೆ ಹೊತ್ಕೊಂಡು ಯಾಕೆ ಹೋದೆ? ಅವಕ್ಕೆ ರೆಕ್ಕೆ ಇಲ್ವಾ? ಮೊದಲಿಂದ್ಲೂ ತಾವೇ ಹೋಗ್ತಿರಬೇಕಲ್ಲ?”

ಹೌದಲ್ಲ ಎನಿಸಿತು ಬಡಗಿಗೆ, ಕೂಗಳತೆಯಲ್ಲಿ ಒಂದು ಹೊಲ ತುಂಬ ಹೂವಿರುವಾಗ ಈ ಹುಳಗಳು ಇಷ್ಟು ವರ್ಷ ಎಲ್ಲಿಗೆ ಹೋಗುತ್ತಿದ್ದವು?

ಪೆಟ್ಟಿಗೆಗಳನ್ನು ಸಂಜೆಯೇ ವಾಪಸು ತಂದ. ಕಂಗಾಲಾಗಿದ್ದ ಹುಳಗಳು ಹೊತ್ತಾರೆಯ ಹೊತ್ತಿಗೆ ಸಮಾಧಾನವಾಗಿದ್ದವು. ಬಿಸಿಲು ಬೀಳುತ್ತಲೇ ಅವು ಹೊರಟವು, ಅವನೂ ಹಿಂದೆಯೇ ಹೊರಟ. ಕಣ್ಣಿನಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದ. ನೇರ ಕಾಲುವೆಯ ಕಡೆಗೇ ಹೋದವು. ಕಾಲುವೆಯನ್ನೂ ದಾಟಿದವು. ಅವನ ಮನಸ್ಸು ಹಿಗ್ಗಿತು. ಹೊಲದ ಅಂಚಿಗೆ ಬಂದು, ಅಲ್ಲಿ ಸ್ವಲ್ಪ ತೂಗಾಡಿದ ಹಾಗೆ ಮಾಡಿ, ಬದಿಗೆ ಸರಿದು, ಕಾಲುವೆಯ ದಂಡೆಯಲ್ಲಿದ್ದ ಕಳೆಗಿಡಗಳ ಕಡೆಗೆ ಹೊರಟುಹೋದವು. ಒಂದಲ್ಲ ಎರಡಲ್ಲ, ಬಂದವೆಲ್ಲ.

ಹೂವಿನ ಮೇಲೆ ಸೊಂಟದೆತ್ತರದಿಂದ ತಲೆಯೆತ್ತರದವರೆಗೆ ನೀಲಿ ಹೊಗೆ ಹಾಸಿಕೊಂಡಿತ್ತು. ಬಡಗಿ ಉಸಿರೆಳೆದ. ವಾಸನೆ ಚೆನ್ನಾಗಿ ಗೊತ್ತಿದ್ದದ್ದೇ. ಪೋಸ್ಟ್‌ಮಾಸ್ಟರರ ಕುರ್ಚಿಯ ಮರ.

ಅವನು ಅಲ್ಲೇ ದಂಡೆಯ ಮೇಲೆ ಕೂತ. ಹೊಟ್ಟು ಅವನದು, ಹುಳ ಅವನದು. ಶೆಡ್ಡಿನ ಹಿಂಬಾಗಿಲಿನಿಂದ ಹುಳಗಳನ್ನು ಹೊಲಕ್ಕೆ ಕಳಿಸಿ, ಮುಂಬಾಗಿಲಿನಿಂದ ಅವುಗಳನ್ನು ಓಡಿಸಲು ಚೀಲಗಟ್ಟಲೆ ಹೊಗೆ ಕಳಿಸುತ್ತಾ ಬಂದಿದ್ದ, ಅದೂ ಜರಡಿ ಹಿಡಿದು. ಅಷ್ಟು ದೂರದಲ್ಲಿ ಅತ್ತೆ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದು, ಒಂದು ಎತ್ತರದ ಹೂವಿನ ಮುಖ ಮುಟ್ಟಲು ಒದ್ದಾಡುತ್ತಿದ್ದರು. ಹುಳಗಳನ್ನು ಓಡಿಸಿ, ಹುಳಗಳ ಕೆಲಸವನ್ನು ತಾವೇ ಮಾಡುತ್ತಿದ್ದರು. ನಗು ಬರಬೇಕಾಗಿತ್ತು. ಬರಲಿಲ್ಲ.

ಊಟದ ಹೊತ್ತಿಗೆ ಅತ್ತೆ ಭುಜಕ್ಕೆ ಶಾಖ ಕೊಡಲು ಒಳಗೆ ಹೋದಾಗ ಹೆಂಡತಿಗೆ ಪಿಸುಮಾತಿನಲ್ಲಿ ಎಲ್ಲ ಹೇಳಿದ. ಅವಳು ನಗಲು ಬಾಯಿ ತೆರೆದವಳು ಹಾಗೇ ನಿಲ್ಲಿಸಿ, ಎಡಗಣ್ಣಿನ ರೆಪ್ಪೆಯನ್ನು ಮುಟ್ಟಿಕೊಂಡಳು. ಅವಳು ತೊಡೆಯ ಕೂಸಾಗಿದ್ದಾಗ ಹೊಲದ ಅಂಚಿನ ಮರಕ್ಕೆ ಜೋಲಿ ಕಟ್ಟಿ ಮಲಗಿಸಿ ಅಮ್ಮ ಕೆಲಸ ಮಾಡುತ್ತಿದ್ದರಂತೆ. ಒಂದು ದಿನ ರೆಪ್ಪೆಗೆ ಹುಳ ಕಚ್ಚಿತು. ಮುಖ ಊದಿ, ಉಸಿರೇ ಸಿಕ್ಕಿಕೊಂಡಂತಾಗಿ, ಅಮ್ಮ ಅವಳನ್ನು ಎತ್ತಿಕೊಂಡು ಬರಿಗಾಲಿನಲ್ಲಿ ಆಸ್ಪತ್ರೆಯವರೆಗೆ ಓಡಿದರು. ಮಾರನೆಯ ದಿನದಿಂದ ಹೊಗೆ ಶುರು. ಹೊಗೆ ಶುರುವಾದ ವರ್ಷ ಕಾಳು ಕಟ್ಟಲಿಲ್ಲ. ನೆಲಕ್ಕೆ ಏನೋ ಬಂದಿದೆ ಎಂದುಕೊಂಡ ಅಮ್ಮನಿಗೆ ಯಾರೋ ಬಟ್ಟೆಯಲ್ಲಿ ಒರೆಸುವ ಉಪಾಯ ಹೇಳಿಕೊಟ್ಟರು. ಹೊಗೆ, ಜೊಳ್ಳು ಎರಡನ್ನೂ ಅಮ್ಮ ಯಾವತ್ತೂ ಒಟ್ಟಿಗೆ ಇಟ್ಟು ನೋಡಲಿಲ್ಲ.

ಹೇಳಬೇಕಾದದ್ದು ನೀನೇ, ಅವರು ನಿನ್ನ ಅಮ್ಮ ಎಂದ ಬಡಗಿ. ನಾನು ಹೇಳಿದರೆ ಜಗಳವಾಗುತ್ತದೆ, ನೀವು ಹೇಳಿದರೆ ಬೈಸಿಕೊಳ್ಳುವುದರಲ್ಲಿ ಮುಗಿಯುತ್ತದೆ ಎಂದಳು ಅವಳು. ನರ್ಸುಗಳು ನೋವಿನ ಕೆಲಸ ಯಾರಿಗೆ ಎಂದು ಬಹಳ ಬೇಗ ತೀರ್ಮಾನಿಸುತ್ತಾರೆ.

ಬಡಗಿಗೆ ಬೈಸಿಕೊಳ್ಳುವ ಭಯವಿರಲಿಲ್ಲ. ಭಯ ಬೇರೆ. ಇಷ್ಟು ವರ್ಷ ನೀವು ಭುಜ ಸವೆಸಿದ್ದು ಸುಮ್ಮನೆ, ಹೊಗೆ ಹಾಕದಿದ್ದರೆ ಕೈ ಆಡಿಸುವ ಅಗತ್ಯವೇ ಇರಲಿಲ್ಲ ಎಂದು ಆ ಹೆಂಗಸಿಗೆ ಹೇಗೆ ಹೇಳುವುದು? ಬೆಳೆ ಉಳಿಸಲು ಹೋಗಿ ಬೆಳೆದವರನ್ನು ಕುಗ್ಗಿಸಿದರೆ, ಲಾರಿ ಬಂದು ನಿಂತದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಹೇಳದೆಯೇ ಹೊಗೆ ನಿಲ್ಲಿಸುವ ದಾರಿ ಹುಡುಕಿದ. ಬೆಳಿಗ್ಗೆ ಅತ್ತೆ ಹೊಟ್ಟು ಕೇಳಿದಾಗ, ಇಲ್ಲ, ಮುಗಿದುಹೋಗಿದೆ ಎಂದ. ಹಾಗೆನ್ನುವಾಗ ಗರಗಸ ಓಡುತ್ತಿತ್ತು, ಅವನು ಮೊಣಕಾಲಿನವರೆಗೆ ಹೊಟ್ಟಿನಲ್ಲಿ ನಿಂತಿದ್ದ. ಅತ್ತೆ ಹೊಟ್ಟನ್ನು ನೋಡಿದರು, ಅವನ ಮುಖ ನೋಡಿದರು. ಚೀಲ ತೆಗೆದುಕೊಂಡು ತಾವೇ ಎಡಗೈಯಲ್ಲಿ ತುಂಬಿಕೊಳ್ಳತೊಡಗಿದರು. ಅವನು ನಾಚಿ ಸನಿಕೆ ಹಿಡಿದ. ಸುಳ್ಳು ಹೇಳುವುದಕ್ಕೂ ಒಂದು ಕೈಚಳಕ ಬೇಕು, ಅದು ಅವನಲ್ಲಿ ಇರಲಿಲ್ಲ.

ಅಷ್ಟರಲ್ಲಿ ಹೂವುಗಳು ಸುಮ್ಮನಿರಲಿಲ್ಲ. ಹೊರಗಿನ ಸುತ್ತು ಅರಳಿ ಮುದುಡುತ್ತಿತ್ತು, ಒಳಗಿನದು ಅರಳುವುದರಲ್ಲಿತ್ತು. ಸುತ್ತು ನಡುವಿಗೆ ತಲುಪಿಬಿಟ್ಟರೆ ಆಮೇಲೆ ಹುಳ ಬಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ಇನ್ನು ಮುಂದೂಡುವಂತಿರಲಿಲ್ಲ.

ಹೆಂಡತಿಗೆ ರಜೆಯಿದ್ದ ದಿನ ಇಬ್ಬರೂ ಹೊಲಕ್ಕೆ ಹೋದರು. ಅತ್ತೆ ಮಡಕೆಗಳಿಗೆ ಕೆಂಡ ಹಾಕಿ ಊದುತ್ತಿದ್ದರು. ಮಗಳನ್ನು ಕಂಡೊಡನೆ ಕೈ ಬೀಸಿದರು. ಅಲ್ಲೇ ನಿಲ್ಲು, ಹೊಗೆ ಏಳಲಿ, ಆಮೇಲೆ ಬಾ ಎಂದರು. ಮಗಳು ನಿಲ್ಲಲಿಲ್ಲ. ನೇರ ಹೋಗಿ ಅಂಚಿನ ಮರದ ಕೆಳಗೆ, ಒಂದು ಕಾಲಕ್ಕೆ ಜೋಲಿ ತೂಗಿದ್ದ ಜಾಗದಲ್ಲಿ, ಚಕ್ಕಂಬಕ್ಕಳ ಹಾಕಿ ಕೂತಳು. ಬಡಗಿ ಅತ್ತೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ.

“ಅತ್ತೆ, ಈ ಹೊಗೆ ಯಾಕೆ?”

“ಇದೇನು ಹೊಸದಾಗಿ ಕೇಳ್ತೀರಿ? ಹುಳ ಬರಬಾರದು ಅಂತ.”

“ಬಂದ್ರೆ?”

“ಬಂದ್ರೆ ಕಚ್ಚುತ್ತೆ. ಮಗು ಮಲಗಿರುತ್ತೆ...” ಎಂದವರು ಅಲ್ಲಿಗೆ ನಿಂತರು.

ಮರದ ಕೆಳಗೆ ಮಗು ಕೂತಿತ್ತು. ಕನ್ನಡಕ ಒರೆಸಿಕೊಳ್ಳುತ್ತಿತ್ತು. ಕಿವಿಯ ಮೇಲಿನ ಬಿಳಿ ಕೂದಲು ಬಿಸಿಲಿಗೆ ಹೊಳೆಯುತ್ತಿತ್ತು. ಅತ್ತೆ ಬಹಳ ಹೊತ್ತು ಆ ಕಡೆಗೇ ನೋಡಿದರು. ಅವರ ಮುಖ ನೋಡಲಾರದೆ ಬಡಗಿ ನೆಲ ನೋಡುತ್ತಾ ಉಳಿದದ್ದನ್ನೂ ಹೇಳಿಬಿಟ್ಟ. ಹುಳಗಳು ಹೊಲದ ಅಂಚಿಗೆ ಬಂದು ವಾಪಸಾಗುವುದು, ಒರೆಸುವ ಕೆಲಸ ಅವುಗಳದ್ದೇ ಆಗಿರುವುದು, ಹೊಗೆ ಬಂದ ವರ್ಷವೇ ಜೊಳ್ಳು ಬಂದದ್ದು. ಮುಚ್ಚಿಡದೆ, ಬಣ್ಣ ಹಚ್ಚದೆ ಹೇಳಿದ.

ಅತ್ತೆ ಊದುವ ಕೊಳವೆಯನ್ನು ಕೆಳಗಿಟ್ಟರು.

“ಅಂದ್ರೆ ಇಷ್ಟು ವರ್ಷ ನಾನು ದಡ್ಡಿ ಹಾಗೆ ಕೈ ಆಡಿಸಿದ್ನಾ?”

“ನೀವು ದಡ್ಡರಾದ್ರೆ ನಾನೂ ದಡ್ಡನೇ. ಹೊಟ್ಟು ಕೊಟ್ಟವನು ನಾನು.” ಅವನು ಮೊದಲ ಸಲ ತಲೆಯೆತ್ತಿ ನೋಡಿದ. “ಆದ್ರೆ ಅತ್ತೆ, ನನ್ನ ಎರಡು ಪೆಟ್ಟಿಗೇಲಿ ಸಾವಿರಾರು ಹುಳ ಇವೆ. ಅಷ್ಟೂ ಸೇರಿ ಮಾಡೋ ಕೆಲಸಾನ ನೀವು ಒಬ್ಬರೇ ಮಾಡಿದ್ದೀರಿ. ಒಂದು ಕೂಸಿಗೆ ಮತ್ತೆ ನೋವಾಗಬಾರದು ಅಂತ. ಅಂಥವರನ್ನ ನಾನು ಬೇರೆ ನೋಡಿಲ್ಲ.”

ಅತ್ತೆ ಎದ್ದು ಮನೆಯ ಕಡೆ ನಡೆದರು. ರಾತ್ರಿ ಬಡಿಸುವಾಗ ಬಡಗಿಯ ತಟ್ಟೆಗೆ ಸೌಟು ತುಸು ಜೋರಾಗಿಯೇ ತಗುಲಿತು. ಮುಗಿಯಿತು, ಹೊಲವನ್ನೂ ಕಳೆದೆ, ಅತ್ತೆಯನ್ನೂ ಕಳೆದೆ ಎಂದುಕೊಂಡು ಅವನು ಊಟ ಬಿಟ್ಟು ಎದ್ದ.

ಮಾರನೆಯ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದರೆ ಹೊಸಿಲಿನ ಹೊರಗೆ ಹೊಟ್ಟಿನ ಚೀಲ ಇತ್ತು. ಅವನೇ ತುಂಬಿಕೊಟ್ಟಿದ್ದು, ಬಾಯಿ ಕಟ್ಟಿ ವಾಪಸು ಬಂದಿತ್ತು.

ಅವನು ಮೆಲ್ಲಗೆ ಕಾಲುವೆಯ ದಂಡೆಗೆ ಹೋದ. ಹೂವಿನ ಮೇಲೆ ಹೊಗೆಯಿರಲಿಲ್ಲ. ಹೊಲ ಇಷ್ಟು ಹಳದಿ ಎಂದು ಅವನಿಗೆ ಗೊತ್ತೇ ಇರಲಿಲ್ಲ, ಯಾವತ್ತೂ ಅದನ್ನು ತೆರೆದ ಮುಖದಲ್ಲಿ ನೋಡಿರಲಿಲ್ಲ. ಅತ್ತೆ ಸಾಲಿನ ನಡುವೆ ಬಟ್ಟೆ ಕೈಗೆ ಸುತ್ತಿಕೊಂಡು, ಮೈ ಬಿಗಿಹಿಡಿದು ನಿಂತಿದ್ದರು. ಅವರಿಗೆ ಹೆದರಿಕೆ ಎಂಬುದು ದೂರದಿಂದಲೇ ಕಾಣುತ್ತಿತ್ತು. ಜೇನು ಬಂದವು. ಮೊದಲು ಅಂಚಿನಲ್ಲಿ ಅನುಮಾನಿಸಿ, ಆಮೇಲೆ ಒಂದೊಂದಾಗಿ, ಆಮೇಲೆ ಎಗ್ಗಿಲ್ಲದೆ. ಬಡಗಿ ಹತ್ತಿರ ಹೋಗುವಷ್ಟರಲ್ಲಿ ಅತ್ತೆಯ ಮುಂದಿನ ಹೂವಿನಲ್ಲೇ ಒಂದು ಹುಳ ಇಳಿದು, ಮೈಯೆಲ್ಲ ಹಳದಿ ಮಾಡಿಕೊಂಡು ಅರಳಿದ ಸುತ್ತಿನ ಗುಂಟ ನಡೆಯುತ್ತಿತ್ತು. ಅತ್ತೆಯ ಬಟ್ಟೆ ಅದೇ ಹೂವಿಗೆಂದು ಚಾಚಿದ್ದು ಗಾಳಿಯಲ್ಲೇ ನಿಂತಿತ್ತು.

“ನಿನ್ನದಾಗ್ಲಿ. ಆಮೇಲೆ ನನ್ನದು” ಎಂದರು ಅತ್ತೆ ಹುಳಕ್ಕೆ, ಬಾವಿಕಟ್ಟೆಯಲ್ಲಿ ಪಕ್ಕದ ಮನೆಯವಳಿಗೆ ಹೇಳುವಂತೆ.

ಅಲ್ಲಿಂದ ಮುಂದೆ ದಿನವೂ ಹೀಗೇ ಆಯಿತು. ಕುಳ್ಳ ಗಿಡಗಳ ಮುಖವನ್ನು ಅತ್ತೆ ಒರೆಸುವುದು, ಎತ್ತರದವನ್ನು ಹುಳಗಳಿಗೆ ಬಿಡುವುದು. ಒರೆಸುವ ಅಗತ್ಯ ಈಗ ಯಾವುದಕ್ಕೂ ಇರಲಿಲ್ಲ, ಆದರೆ ಅದನ್ನು ಹೇಳುವಷ್ಟು ಅರಸಿಕರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಮಗಳು ರಜೆಯಲ್ಲಿ ಬಂದರೆ ಮಾತ್ರ ಮರದ ಕೆಳಗೆ, ಅವಳ ಕಾಲಬುಡದಲ್ಲಿ, ಒಂದು ಪುಟ್ಟ ಮಡಕೆ ಹೊಗೆಯಾಡುತ್ತಿತ್ತು. ಹೂವಿಗೆ ಬೇಡ, ನಿನಗೆ ಬೇಕು ಎಂದು ಅತ್ತೆ ಹೇಳಿದರೆ, ಇಡೀ ವಾರ್ಡನ್ನು ನಡುಗಿಸುವ ನರ್ಸು ಕಣ್ಣೀರು ಸುರಿಸುತ್ತಾ, ಕೆಮ್ಮುತ್ತಾ ಅಲ್ಲೇ ಕೂತಿರುತ್ತಿದ್ದಳು.

ಹೂವುಗಳು ತಲೆ ಬಾಗಿಸಿದವು. ಬೆನ್ನು ಹಸಿರಿನಿಂದ ಹಳದಿಗೆ, ಹಳದಿಯಿಂದ ಕಂದು ಬಣ್ಣಕ್ಕೆ ತಿರುಗಿತು. ಕೊಯ್ಯುವ ದಿನ ಮೈದುನನೂ ಬಂದ. ಕೈಯಲ್ಲಿ ಅಳತೆಯ ಟೇಪು ಇತ್ತು, ನಾಚಿಕೆಗೆ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದ. ಅತ್ತೆ ಮೊದಲು ಹೋದದ್ದು ಎತ್ತರದ ಗಿಡಗಳ ಸಾಲಿಗೆ. ಬಡಗಿ ಒಂದನ್ನು ಬಗ್ಗಿಸಿ ಕುಯ್ದು ಅವರ ಮಡಿಲಿಗೆ ಇಟ್ಟ.

ಅತ್ತೆ ಅಂಗೈಯಿಂದ ಒಣಗಿದ ಕಿರುಹೂಗಳನ್ನು ಉಜ್ಜಿ ತೆಗೆದು, ಹೊರಗಿನ ಸುತ್ತಿನಿಂದ ಒಂದು ಕಾಳು ಎಬ್ಬಿಸಿ ಹಲ್ಲಿನಲ್ಲಿ ಒಡೆದರು. ಖಾಲಿ. ಪಕ್ಕದ್ದು ಒಡೆದರು. ಅದೂ ಖಾಲಿ. ಮೈದುನ ಗಂಟಲು ಸರಿಮಾಡಿಕೊಂಡ. ಅತ್ತೆ ಒಂದಿಷ್ಟು ಒಳಗಿನಿಂದ ಇನ್ನೊಂದನ್ನು ಎಬ್ಬಿಸಿದರು. ಹಲ್ಲಿನ ನಡುವೆ ಕಟ್ಟೆಂದಿತು, ತುಟಿಯ ಮೇಲೆ ಬಿಳಿ ತಿರುಳು ಬಂತು. ಅದರ ಒಳಗಿನದೂ ಗಟ್ಟಿ. ಅದರ ಒಳಗಿನದೂ. ಯಾವ ವರ್ಷವೂ ಪೂರ್ತಿ ತುಂಬದ ನಟ್ಟನಡುವಿನಲ್ಲೂ ಕಾಳು ಒಂದಕ್ಕೊಂದು ಒತ್ತಿಕೊಂಡು ಕೂತಿತ್ತು. ಇನ್ನೊಂದು ತಲೆ ಕುಯ್ದು ನೋಡಿದರು, ಮತ್ತೊಂದು ನೋಡಿದರು, ಎಲ್ಲ ಹಾಗೇ. ಹೊರಗೆ ತೆಳ್ಳನೆಯ ಒಂದು ಸುತ್ತು ಜೊಳ್ಳು, ಅಲ್ಲಿಂದ ಒಳಕ್ಕೆ ತುಂಬು ಕಾಳು.

ಅತ್ತೆ ಆ ಎರಡರ ನಡುವಿನ ಗೆರೆಯ ಮೇಲೆ ಬ್ಯಾಂಡೇಜು ಸುತ್ತಿದಂತೆ ಬೆರಳನ್ನು ಒಂದು ಪೂರ್ತಿ ಸುತ್ತು ಆಡಿಸಿದರು.

“ಇಲ್ಲೀತನಕ ನನ್ನ ಹೊಗೆ” ಎಂದರು. “ಇಲ್ಲಿಂದ ಒಳಗೆ ಬಡಗಿಗಳ ಮಾತು.”

ಆಮೇಲೆ ಹೂವನ್ನು ಮೈದುನನ ಕೈಗೆ ಕೊಟ್ಟು, ಮನೆಗೆ ಒಯ್ದು ಮಕ್ಕಳಿಗೆ ತಿನ್ನಿಸು, ಲಾರಿಗೆ ಬೇರೆ ಕಡೆ ಜಾಗ ನೋಡು ಎಂದರು. ಅವನು ಟೇಪನ್ನು ಜೇಬಿಗೆ ಹಾಕಿಕೊಂಡು, ನಿಂತಲ್ಲೇ ಕಾಳು ಬಿಡಿಸಿ ತಿನ್ನತೊಡಗಿದ. ಮೊದಲೇ ಹೇಳಿದೆನಲ್ಲ, ಅವನು ಕೆಟ್ಟವನಲ್ಲ.

ಕಾಳು ಬಡಿದು ಒಣಗಿಸಿ ಮುಗಿದ ಮೇಲೆ ಒಂದು ಮಧ್ಯಾಹ್ನ, ಬಡಗಿ ಗರಗಸ ನಿಲ್ಲಿಸಿ ನೋಡಿದರೆ ಅತ್ತೆ ಶೆಡ್ಡಿನ ಹಿಂಭಾಗಕ್ಕೆ ಹೋಗುತ್ತಿದ್ದರು. ಇಷ್ಟು ವರ್ಷದಲ್ಲಿ ಮೊದಲ ಸಲ. ಕೈಯಲ್ಲಿ ಆ ದಿಂಬಿನ ಗವಸು ಇತ್ತು. ಎಷ್ಟು ತೊಳೆದರೂ ಹೋಗದ ಹಳದಿ ಅದಕ್ಕೆ ಅಂಟಿತ್ತು. ಪೆಟ್ಟಿಗೆಗೆ ನೇರ ಬಿಸಿಲು ಬೀಳುತ್ತಿದೆ, ಅಡುಗೆಮನೆಯಿಂದ ದಿನಾ ಕಾಣುತ್ತದೆ ಎಂದು ಗೊಣಗುತ್ತಾ ಅದನ್ನು ಅವನ ಕೈಗಿಟ್ಟರು. ಮೇಲೆ ಹೊದಿಸಲು ಹೇಳಿದರು. ಅವನು ಹೊದಿಸಿದ. ಪೋಸ್ಟ್‌ಮಾಸ್ಟರರು ಹೆದರಿ ಬಿಟ್ಟುಹೋದ ಕುರ್ಚಿ ಇನ್ನೂ ಅಲ್ಲೇ ಇತ್ತು, ಅತ್ತೆ ಅದರಲ್ಲಿ ಕೂತರು.

ಒಂದು ಹುಳ ಬಂದು ಅವರ ಬಲಭುಜದ ಮೇಲೆ, ಆ ಮೊಂಡು ಭುಜದ ಮೇಲೆ, ಇಳಿಯಿತು. ಅತ್ತೆ ಉಸಿರು ಬಿಗಿಹಿಡಿದದ್ದು ಕಂಡು ಬಡಗಿ ಓಡಿಸಲು ಕೈ ಚಾಚಿದ.

“ಬಿಡಿ” ಎಂದರು ಅತ್ತೆ, ಅಲುಗಾಡದೆ. “ನಮ್ಮ ಹುಳ. ದಣಿದಿರುತ್ತೆ, ಕೂತ್ಕೊಳ್ಳಲಿ.”

ಬಡಗಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಒಳಗೆ ಹೋಗಿ ಗರಗಸ ಶುರು ಮಾಡಬೇಕಾಗಿತ್ತು, ಕೆಲಸ ಬೇಕಾದಷ್ಟಿತ್ತು. ಅವನು ಹೋಗಲಿಲ್ಲ. ಹುಳ ತಾನಾಗಿ ಏಳುವವರೆಗೆ ಅತ್ತೆಯ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದ.